ಮಾರ್ಕೆಟ್ ಬಿದ್ದಾಗ ಮೊದಲ ಪ್ರಶ್ನೆ: ಆ ದುಡ್ಡು ಯಾವಾಗ ಬೇಕು?

ಕಳೆದ ತಿಂಗಳು ಭಾವನ ಜೊತೆ ಶಿರಸಿಗೆ ಅಡಿಕೆ ಟೆಂಡರಿಗೆ ಹೋಗಿದ್ದೆ. 12 ಚೀಲ ಚಾಲಿ ಅಡಿಕೆ ಇಟ್ಟಿದ್ದ. ಮಧ್ಯಾಹ್ನ ದರ ಬಂತು. ಚೀಟಿ ನೋಡಿದವನೇ ಮುಖ ಸಿಂಡರಿಸಿ, ‘ಈ ದರಕ್ಕೆ ಕೊಡದು ಬ್ಯಾಡ, ಏರಿದಾಗ ನೋಡನ’ ಎಂದು ಮಾಲನ್ನು ಅಲ್ಲೇ ಬಿಟ್ಟ. ಐದು ನಿಮಿಷ ಆಗಿರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದ. ಪರದೆ ತುಂಬ ಕೆಂಪು ಅಂಕಿ. ಹೋದ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ 3 ಲಕ್ಷವನ್ನು ಒಂದೇ ಸಲಕ್ಕೆ ಮ್ಯೂಚುವಲ್ ಫಂಡಿಗೆ ಹಾಕಿದ್ದ. ಅದೀಗ 2 ಲಕ್ಷ 52 ಸಾವಿರ ತೋರಿಸುತ್ತಿತ್ತು.

‘ಎಂತ ಮಾಡವು ಭಾವ? ತೆಗ್ದೇ ಬಿಡ್ಲಾ?’

ದರ ಬಿತ್ತು ಎಂದು ಅಡಿಕೆ ಮಾರಲು ಒಪ್ಪದವನು, ದರ ಬಿತ್ತು ಎಂದೇ ಫಂಡ್ ಮಾರಲು ಹೊರಟಿದ್ದ. ನಗು ಬಂತು, ಆದರೆ ನಗಲಿಲ್ಲ. 2020ರಲ್ಲಿ ನಾನೂ ಇದನ್ನೇ ಮಾಡಿದವನು, ಆ ಕಥೆ ಮುಂದೆ ಬರುತ್ತದೆ.

ನಮ್ಮ ಕಡೆ ಉಳಿತಾಯ ಅಂದರೆ ಸೊಸೈಟಿ ಠೇವಣಿ, ಬಂಗಾರ, ಎಲ್‌ಐಸಿ, ಇಷ್ಟೇ ಆಗಿತ್ತು. ಈಗ ಹಾಗಿಲ್ಲ. ಕುಮಟಾದ ಮೇಷ್ಟ್ರು, ಕಾರವಾರದ ಬೈತಖೋಲದಲ್ಲಿ ಮಂಜುಗಡ್ಡೆ ಸಾಗಿಸುವ ಹುಡುಗ, ಬೆಂಗಳೂರಿನ ಮಗ ಮೊಬೈಲಿನಲ್ಲಿ ಖಾತೆ ಮಾಡಿಕೊಟ್ಟ ಅಮ್ಮ, ಎಲ್ಲರೂ ಷೇರುಪೇಟೆಗೆ ಬಂದಿದ್ದಾರೆ. ದೇಶದಲ್ಲಿ ತಿಂಗಳಿಗೆ, ಮ್ಯೂಚುವಲ್ ಫಂಡಿಗೆ ಕಂತಿನಲ್ಲಿ ಕಟ್ಟುವ ಎಸ್‌ಐಪಿಯಿಂದ ಬರುವ ದುಡ್ಡು 2024ರ ಏಪ್ರಿಲ್‌ನಲ್ಲಿ 20 ಸಾವಿರ ಕೋಟಿ ದಾಟಿತು, ಅದೇ ವರ್ಷ ಡಿಸೆಂಬರ್‌ನಲ್ಲಿ 26 ಸಾವಿರ ಕೋಟಿಯನ್ನೂ ದಾಟಿತು. ಇವರಲ್ಲಿ ತುಂಬ ಜನ 2020ರ ನಂತರ ಬಂದವರು. ನಿಜವಾದ ಕುಸಿತ ಹೇಗಿರುತ್ತದೆ ಎಂದು ನೋಡಿಲ್ಲ. ಹಾಗಾಗಿ ಬುಡದಿಂದ ಶುರು ಮಾಡೋಣ. ಯಾವ ಷೇರು ಕೊಳ್ಳಬೇಕು ಅಂತ ಇಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಷೇರು ಅಂದರೆ ಅಡಿಕೆಯಲ್ಲ, ತೋಟದ ಪಾಲು

ಒಂದು ತೋಟವನ್ನು ಕಾಗದದ ಮೇಲೆ ಸಾವಿರ ಪಾಲು ಮಾಡಿದರು ಅಂದುಕೊಳ್ಳಿ. ನಿಮ್ಮ ಹತ್ತಿರ ಹತ್ತು ಪಾಲಿದೆ. ಫಸಲು ಮಾರಿ ಖರ್ಚು ಕಳೆದು ಉಳಿದದ್ದರಲ್ಲಿ ಸ್ವಲ್ಪ ನಿಮ್ಮ ಕೈಗೆ ಬರುತ್ತದೆ, ಅದು ಲಾಭಾಂಶ. ಉಳಿದದ್ದು ಮಣ್ಣು ಹಾಕಲು, ಹೊಸ ಸಸಿ ನೆಡಲು ಹೋಗುತ್ತದೆ. ತೋಟ ಬೆಳೆದರೆ ನಿಮ್ಮ ಹತ್ತು ಪಾಲಿನ ಬೆಲೆಯೂ ಬೆಳೆಯುತ್ತದೆ. ಕಂಪನಿಯ ಷೇರು ಅಂದರೆ ಇಷ್ಟೇ.

ಒಂದು ವ್ಯತ್ಯಾಸ ಇದೆ. ನಮ್ಮ ತೋಟಕ್ಕೆ ದಿನಾ ಯಾರೂ ಬೆಲೆ ಹೇಳುವುದಿಲ್ಲ. ಮಗಳ ಮದುವೆಗೋ ಹಿಸ್ಸೆಗೋ ಮಾರಬೇಕಾದಾಗ ಮಾತ್ರ ಬೆಲೆ ಎಷ್ಟು ಎಂದು ಕೇಳುತ್ತೇವೆ. ಷೇರಿಗೆ ಮಾತ್ರ ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಗಳಿಗೆಗೊಂದು ಬೆಲೆ ಕಾಣುತ್ತಿರುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇವೆ. ತೋಟದ ಬೆಲೆಯನ್ನೂ ಹೀಗೆ ಮೊಬೈಲಿನಲ್ಲಿ ತೋರಿಸುತ್ತಿದ್ದರೆ ನಮ್ಮೂರಲ್ಲಿ ಅರ್ಧ ತೋಟ ಈ ಹೊತ್ತಿಗೆ ಕೈ ಬದಲಾಗಿರುತ್ತಿತ್ತೇನೋ.

ಬೆಲೆ ಬಿದ್ದಾಗ ಕೇಳಬೇಕಾದ್ದು ಒಂದೇ. ಇದು ಕೊಳೆರೋಗವೋ, ಹಳದಿ ಎಲೆ ರೋಗವೋ? ಕೊಳೆ ಬಂದರೆ ಆ ವರ್ಷದ ಫಸಲು ಉದುರುತ್ತದೆ, ಹೊಟ್ಟೆ ಉರಿಯುತ್ತದೆ, ಆದರೆ ಮರ ಉಳಿದಿದ್ದರೆ ಮುಂದಿನ ವರ್ಷ ಮತ್ತೆ ಸಿಂಗಾರ ಬಿಡುತ್ತದೆ. ಹಳದಿ ಎಲೆ ಬಂದರೆ ಮರವೇ ಸೊರಗಿ ಸೊರಗಿ ಹೋಗುತ್ತದೆ. ಷೇರಿನಲ್ಲೂ ಎರಡೂ ಇವೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ಲೆಕ್ಕಪತ್ರವೇ ಸುಳ್ಳು ಎಂದು ಪತ್ರ ಬರೆದು ಒಪ್ಪಿಕೊಂಡರು. ಅವತ್ತೊಂದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತು. ಅಂಥದ್ದನ್ನು ‘ಏರಿದಾಗ ನೋಡೋಣ’ ಎಂದು ಇಟ್ಟುಕೊಂಡು ಕೂತರೆ ಆಗುವುದಿಲ್ಲ. ಆದರೆ ಎಲ್ಲ ಕಂಪನಿಗಳ ಬೆಲೆಯೂ ಒಟ್ಟಿಗೆ ಶೇ 15ರಷ್ಟು ಇಳಿದರೆ ಅದು ಸಾಮಾನ್ಯವಾಗಿ ಕೊಳೆಯ ಜಾತಿಯದು.

ಎಲ್ಲ ಒಟ್ಟಿಗೆ ಬೀಳುವುದು ಯಾಕೆ?

ಟಿವಿಯಲ್ಲಿ ಹೇಳುವ ಸೆನ್ಸೆಕ್ಸ್ ಅಂದರೆ ಮುಂಬೈ ಷೇರುಪೇಟೆಯ 30 ದೊಡ್ಡ ಕಂಪನಿಗಳ ಸರಾಸರಿ ಲೆಕ್ಕ. ದೊಡ್ಡ ಕಂಪನಿಗೆ ಜಾಸ್ತಿ ತೂಕ. 1978–79ರ ಮಟ್ಟವನ್ನು 100 ಎಂದು ಇಟ್ಟುಕೊಂಡು ಎಣಿಸುತ್ತಾರೆ. ನಿಫ್ಟಿ ಅಂದರೆ ರಾಷ್ಟ್ರೀಯ ಷೇರುಪೇಟೆಯ 50 ಕಂಪನಿಗಳದ್ದು. ಇವು ಜ್ವರ ನೋಡುವ ಕಡ್ಡಿ ಇದ್ದ ಹಾಗೆ. ಜ್ವರ ಎಷ್ಟು ಅಂತ ತೋರಿಸುತ್ತವೆ, ಯಾಕೆ ಬಂತು ಅಂತ ಹೇಳುವುದಿಲ್ಲ.

ಕಾರಣ ಹುಡುಕಿದರೆ ಹೆಚ್ಚಾಗಿ ಮೂರು ನಾಲ್ಕು ಕಡೆ ಸಿಗುತ್ತದೆ. ಅಮೆರಿಕದಲ್ಲಿ ಬಡ್ಡಿ ಏರಿದರೆ ಅಲ್ಲಿನ ದುಡ್ಡಿನವರಿಗೆ ಸರಕಾರಿ ಬಾಂಡ್‌ನಲ್ಲೇ ಒಳ್ಳೆಯ ಬಡ್ಡಿ ಸಿಗುತ್ತದೆ, ಇಲ್ಲಿನ ಷೇರು ಮಾರಿ ದುಡ್ಡು ವಾಪಸ್ ಒಯ್ಯುತ್ತಾರೆ. ಯುದ್ಧ ಶುರುವಾದರೆ ಕಚ್ಚಾ ತೈಲ ತುಟ್ಟಿ. ನಮಗೆ ಬೇಕಾದ ತೈಲದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹೊರಗಿನಿಂದಲೇ ಬರುವುದರಿಂದ ಕಂಪನಿಗಳ ಖರ್ಚು ಏರುತ್ತದೆ, ಲಾಭ ಇಳಿಯುತ್ತದೆ. ಇನ್ನೊಂದನ್ನು ಯಾರೂ ಜೋರಾಗಿ ಹೇಳುವುದಿಲ್ಲ: ಬೆಲೆ ಮೊದಲೇ ಅತಿಯಾಗಿ ಏರಿರುತ್ತದೆ. ಲಾಭ ಬೆಳೆಯುವುದಕ್ಕಿಂತ ಬೇಗ ಬೆಲೆ ಬೆಳೆದಿದ್ದರೆ ಒಂದು ಸಣ್ಣ ಸುದ್ದಿಯೂ ಸಾಕು.

ಮ್ಯೂಚುವಲ್ ಫಂಡ್ ಅಂದರೆ ರಂಪಣಿ

ಕಾರವಾರ, ಅಂಕೋಲಾ ಕಡೆಯ ಹಿರಿಯರನ್ನು ಕೇಳಿ, ರಂಪಣಿ ಬಲೆಯ ಕಥೆ ಹೇಳುತ್ತಾರೆ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಿಡುವುದು, ಎರಡೂ ತುದಿಯ ಹಗ್ಗ ದಡಕ್ಕೆ ತಂದು ಹತ್ತಾರು ಜನ ಸೇರಿ ಎಳೆಯುವುದು. ಅಷ್ಟು ದೊಡ್ಡ ಬಲೆ ಒಬ್ಬನ ಕೈಲಿ ಆಗುವ ಮಾತಲ್ಲ. ಬಂಗಡೆಯೋ ತಾರ್ಲೆಯೋ, ಬಂದದ್ದರಲ್ಲಿ ಎಲ್ಲರಿಗೂ ಪಾಲು.

ಫಂಡ್ ಕೂಡ ಹೀಗೆಯೇ. ಸಾವಿರಾರು ಜನರ ದುಡ್ಡು ಸೇರಿಸಿ ಹತ್ತಾರು ಕಂಪನಿಗಳ ಷೇರು ಕೊಳ್ಳುತ್ತಾರೆ. ನಿಮ್ಮ ಪಾಲಿಗೆ ಯೂನಿಟ್ ಎಂದು ಹೆಸರು, ಒಂದು ಯೂನಿಟ್ಟಿನ ಅವತ್ತಿನ ಬೆಲೆಗೆ ಎನ್‌ಎವಿ ಎಂದು ಹೆಸರು. ಯಾವ ಷೇರು ಕೊಳ್ಳಬೇಕು, ಯಾವುದು ಮಾರಬೇಕು ಎಂದು ನೋಡುವವರು ಫಂಡ್ ಮ್ಯಾನೇಜರ್, ದಡದಲ್ಲಿ ನಿಂತು ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎನ್ನುವವನ ಹಾಗೆ. ಅದಕ್ಕೆ ವರ್ಷಕ್ಕಿಷ್ಟು ಎಂದು ಖರ್ಚು ಹಿಡಿಯುತ್ತಾರೆ. ನೀವು ಏಜೆಂಟರ ಮೂಲಕ ಕೊಂಡರೆ ಅದು ರೆಗ್ಯುಲರ್ ಪ್ಲಾನ್, ಅದರಲ್ಲಿ ಅವರ ಕಮಿಷನ್ನೂ ಸೇರಿರುತ್ತದೆ. ನೇರವಾಗಿ ಕೊಂಡರೆ ಡೈರೆಕ್ಟ್ ಪ್ಲಾನ್, ಖರ್ಚು ಕಡಿಮೆ. ಇದು 2013ರ ಜನವರಿಯಿಂದ ಇದೆ. ಹೇಳಿಕೊಡುವ ಒಳ್ಳೆಯ ಏಜೆಂಟರು ಹತ್ತಿರದಲ್ಲಿದ್ದರೆ ಕಮಿಷನ್ ದಂಡವಲ್ಲ, ಅದು ನಿಮ್ಮ ನಿಮ್ಮ ಲೆಕ್ಕ.

ಯಾರೂ ಆರಿಸದೆ, ಸೆನ್ಸೆಕ್ಸ್‌ನಲ್ಲೋ ನಿಫ್ಟಿಯಲ್ಲೋ ಇರುವ ಎಲ್ಲವನ್ನೂ ಅದೇ ತೂಕದಲ್ಲಿ ಕೊಂಡು ಇಡುವ ಫಂಡಿಗೆ ಇಂಡೆಕ್ಸ್ ಫಂಡ್ ಅನ್ನುತ್ತಾರೆ. ಖರ್ಚು ತೀರಾ ಕಡಿಮೆ. ಇನ್ನು ಲಾರ್ಜ್, ಮಿಡ್, ಸ್ಮಾಲ್ ಎಂಬ ಮಾತು. ಮಾರುಕಟ್ಟೆ ಬೆಲೆಯಲ್ಲಿ ದೇಶದ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250 ಮಿಡ್, 251ರ ನಂತರದ್ದೆಲ್ಲ ಸ್ಮಾಲ್. ಗಾಳಿ ಮಳೆಯಲ್ಲಿ ದೊಡ್ಡ ಬೋಟಿಗಿಂತ ಪಾತಿ ದೋಣಿ ಜಾಸ್ತಿ ಹೊಯ್ದಾಡುತ್ತದೆ ಅಲ್ವಾ, ಸ್ಮಾಲ್ ಕ್ಯಾಪ್ ಫಂಡ್ ಹಾಗೆ. ಏರುವಾಗಲೂ ಜೋರು, ಬೀಳುವಾಗಲೂ ಜೋರು. ಭಾವ ಹಾಕಿದ್ದು ಇದಕ್ಕೇ, ಹಿಂದಿನ ವರ್ಷ ಅದು ಎಲ್ಲಕ್ಕಿಂತ ಮೇಲಿತ್ತು ಅಂತ.

ಎರಡು ತಪ್ಪು ತಿಳಿವಳಿಕೆ ಇಲ್ಲೇ ತೆಗೆದುಬಿಡೋಣ. ಎನ್‌ಎವಿ 12 ರೂಪಾಯಿ ಇರುವ ಫಂಡ್ ಅಗ್ಗ, 400 ಇರುವುದು ತುಟ್ಟಿ ಎಂದಲ್ಲ. ಒಳಗಿರುವ ಷೇರುಗಳು ಶೇ 10 ಏರಿದರೆ ಎರಡೂ ಶೇ 10 ಏರುತ್ತವೆ. ಇನ್ನೊಂದು, ಫಂಡ್ ಕಂಪನಿ ಮುಚ್ಚಿದರೆ ದುಡ್ಡು ಹೋಯಿತು ಎಂಬ ಹೆದರಿಕೆ. ನಿಮ್ಮ ದುಡ್ಡಿನಿಂದ ಕೊಂಡ ಷೇರುಗಳು ಫಂಡ್ ಕಂಪನಿಯ ಸ್ವಂತ ಆಸ್ತಿಯಲ್ಲ. ಅವು ಟ್ರಸ್ಟಿನ ಹೆಸರಲ್ಲಿ, ಬೇರೆ ಸಂಸ್ಥೆಯ ಕಾವಲಿನಲ್ಲಿ ಇರುತ್ತವೆ. ಬೆಲೆ ಇಳಿಯಬಹುದು, ಅದರಿಂದ ಕಾಪಾಡುವವರು ಯಾರೂ ಇಲ್ಲ.

ಹಿಂದೆ ಎಷ್ಟು ಬಿದ್ದಿತ್ತು, ಏಳಲು ಎಷ್ಟು ದಿನ ಬೇಕಾಯಿತು?

2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು. ಅಮೆರಿಕದ ಮನೆ ಸಾಲದ ಗಲಾಟೆ ದೊಡ್ಡದಾಗಿ, ಅದೇ ಅಕ್ಟೋಬರ್‌ನಲ್ಲಿ 8 ಸಾವಿರಕ್ಕಿಂತ ಕೆಳಗೂ ಇಣುಕಿತು. ಒಂದು ಲಕ್ಷ ಹಾಕಿದ್ದರೆ ಅದು ನಲವತ್ತು ಸಾವಿರಕ್ಕೂ ಕಡಿಮೆ ಆದ ಲೆಕ್ಕ. ಮತ್ತೆ 21 ಸಾವಿರ ಕಂಡಿದ್ದು 2010ರ ನವೆಂಬರ್‌ನಲ್ಲಿ, ಅದೂ ಮುಟ್ಟಿದ ಶಾಸ್ತ್ರ ಮಾಡಿ ಮತ್ತೆ ಇಳಿಯಿತು. ಗಟ್ಟಿಯಾಗಿ ದಾಟಲು 2013–14 ಆಗಬೇಕಾಯಿತು. ಅಂದರೆ ಐದಾರು ವರ್ಷ.

2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ 3,935 ಅಂಕ ಬಿತ್ತು. ಜನವರಿಯಲ್ಲಿ 42 ಸಾವಿರ ಇದ್ದದ್ದು ಅವತ್ತು 26 ಸಾವಿರದ ಹತ್ತಿರ. ಲಾಕ್‌ಡೌನ್, ಊರಿನಲ್ಲಿ ಪೇಪರ್ ಕೂಡ ಬರುತ್ತಿರಲಿಲ್ಲ, ನನಗೆ ನಿದ್ದೆ ಬರುತ್ತಿರಲಿಲ್ಲ. ಮರುದಿನವೇ ಎಲ್ಲ ಯೂನಿಟ್ ಮಾರಿದೆ. ಆ ದುಡ್ಡು ಹತ್ತು ವರ್ಷ ಬೇಕಾಗಿರಲಿಲ್ಲ! ‘ಸ್ವಲ್ಪ ತಣ್ಣಗಾಗಲಿ, ಮತ್ತೆ ಹಾಕುತ್ತೇನೆ’ ಎಂದುಕೊಂಡೆ. ಏರಲು ಶುರುವಾದಾಗ ‘ಇದು ಸುಳ್ಳು ಏರಿಕೆ, ಮತ್ತೆ ಬೀಳುತ್ತದೆ’ ಎಂದುಕೊಂಡೆ. ನವೆಂಬರ್‌ನಲ್ಲಿ ಸೆನ್ಸೆಕ್ಸ್ 42 ಸಾವಿರಕ್ಕೆ ವಾಪಸ್ ಬಂತು. ನಾನು ಹೊರಗೇ ನಿಂತಿದ್ದೆ.

ಅದಕ್ಕಿಂತ ಈಚಿನದು: 2024ರ ಸೆಪ್ಟೆಂಬರ್ ಕೊನೆಗೆ ಸೆನ್ಸೆಕ್ಸ್ 85,800 ದಾಟಿತ್ತು, 2025ರ ಮಾರ್ಚ್ ಮೊದಲ ವಾರ 73 ಸಾವಿರದ ಆಸುಪಾಸು. ಸುಮಾರು ಶೇ 15 ಇಳಿಕೆ.

ಇದನ್ನೆಲ್ಲ ಓದಿ ‘ಓ, ಕಾದರೆ ಏರೇ ಏರುತ್ತದೆ’ ಅಂದುಕೊಳ್ಳಬೇಡಿ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ. ಯಾವ ದೇಶದಲ್ಲೂ ಯಾರೂ ಗ್ಯಾರಂಟಿ ಬರೆದುಕೊಟ್ಟಿಲ್ಲ. ಮತ್ತೆ ಲೆಕ್ಕವೂ ಸ್ವಲ್ಪ ಮೋಸದ್ದು: ಶೇ 20 ಬಿದ್ದರೆ ಹಳೆಯ ಜಾಗಕ್ಕೆ ಬರಲು ಶೇ 25 ಏರಬೇಕು, ಅರ್ಧಕ್ಕೆ ಬಿದ್ದರೆ ದುಪ್ಪಟ್ಟಾಗಬೇಕು.

ಎಸ್‌ಐಪಿ ನಿಲ್ಲಿಸಬೇಕಾ?

ಎಸ್‌ಐಪಿ ಒಂದು ಫಂಡ್ ಅಲ್ಲ, ಫಂಡಿಗೆ ದುಡ್ಡು ಹಾಕುವ ರೀತಿ. ತಿಂಗಳಿಗೊಮ್ಮೆ ನಿಗದಿ ಮೊತ್ತ ಬ್ಯಾಂಕಿನಿಂದ ಹೋಗುತ್ತದೆ. ಪಿಗ್ಮಿ ಕಟ್ಟಿದ ಹಾಗೆ, ಆದರೆ ಬಡ್ಡಿ ನಿಗದಿ ಇಲ್ಲ.

ತಿಂಗಳಿಗೆ 5,000 ಹಾಕುತ್ತೀರಿ. ಎನ್‌ಎವಿ ಮೊದಲ ತಿಂಗಳು 50, ಆಮೇಲೆ 40, ಆಮೇಲೆ 25, ಮತ್ತೆ 40, ಮತ್ತೆ 50. ಸಿಗುವ ಯೂನಿಟ್: 100, 125, 200, 125, 100. ಒಟ್ಟು 650. ನೀವು ಹಾಕಿದ್ದು 25,000. ಕೊನೆಯ ತಿಂಗಳು ಬೆಲೆ 50 ಆದ್ದರಿಂದ ಕೈಲಿರುವುದು 32,500. ಬೆಲೆ ಹೊರಟ ಜಾಗಕ್ಕೇ ವಾಪಸ್ ಬಂದಿದೆ ಅಷ್ಟೇ, ಒಂದು ಪೈಸೆಯೂ ಏರಿಲ್ಲ, ಆದರೂ 7,500 ಲಾಭ. ಕಾರಣ ಆ 25ರ ತಿಂಗಳು. ಕೆಂಪು ಬಣ್ಣ ನೋಡಿ ಎಲ್ಲರೂ ಎಸ್‌ಐಪಿ ನಿಲ್ಲಿಸುವ ತಿಂಗಳೂ ಅದೇ.

ಹಾಗಂತ ಇದು ಮಂತ್ರವಲ್ಲ. ಐದೂ ಕಂತು ಕಟ್ಟಿದ ಮೇಲೆ ಬೆಲೆ ಮತ್ತೆ 35ಕ್ಕೆ ಇಳಿಯಿತು, ಆ ದಿನ ನಿಮಗೆ ದುಡ್ಡು ಬೇಕಾಯಿತು ಎಂದರೆ 650 ಯೂನಿಟ್ಟಿಗೆ 22,750 ಸಿಗುತ್ತದೆ. ನಷ್ಟವೇ. ಅಂದರೆ ಎಸ್‌ಐಪಿ ಕೂಡ ಕೆಲಸ ಮಾಡುವುದು ಕಾಯಲು ಆಗುವವನಿಗೆ ಮಾತ್ರ.

ದುಡ್ಡಿಗೊಂದು ತಾರೀಖು ಬರೆಯಿರಿ

ಟೆಂಡರಿನಲ್ಲಿ ನಾನು ಕಂಡ ಹಾಗೆ, ದರ ಬಿದ್ದ ದಿನ ನಿಜವಾಗಿ ಏಟು ತಿನ್ನುವವರು ಒಂದೇ ಬಗೆಯವರು: ಸೊಸೈಟಿಯ ಸಾಲ ಕಟ್ಟಲೇಬೇಕಾದವರು. ಉಳಿದವರು ಮಾಲನ್ನು ವಾಪಸ್ ಅಟ್ಟಕ್ಕೆ ಹಾಕುತ್ತಾರೆ. ದರ ಇಬ್ಬರಿಗೂ ಒಂದೇ ಬಂದದ್ದು. ಒಬ್ಬನಿಗೆ ತಾರೀಖು ಇತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಆ ಎರಡು ತಿಂಗಳಿಗೆ ಬೇಕಾದ್ದನ್ನು ಮೇ ತಿಂಗಳಲ್ಲಿ ಯಾರೂ ಹೊಸ ಬಲೆಗೆ ಹಾಕುವುದಿಲ್ಲ. ಪೇಟೆಯ ಮಳೆಗಾಲಕ್ಕೆ ಕ್ಯಾಲೆಂಡರ್ ಇಲ್ಲ, ಅದೊಂದೇ ಕಷ್ಟ.

ಆರು ತಿಂಗಳ ಮನೆಖರ್ಚು, ಆಸ್ಪತ್ರೆ ಖರ್ಚಿಗೆ ಎಂದು ಇಟ್ಟದ್ದು, ಎರಡು ಮೂರು ವರ್ಷದೊಳಗೆ ಬೇಕಾಗುವ ಫೀಸು, ಮದುವೆ, ಮನೆ ಮಾಡಿಗೆ ಇಟ್ಟ ದುಡ್ಡು, ಇವು ಷೇರಿಗಾಗಲಿ ಷೇರಿನ ಫಂಡಿಗಾಗಲಿ ಹೋಗಬಾರದು. ಉಳಿತಾಯ ಖಾತೆ, ಎಫ್‌ಡಿ, ಅಂಚೆ ಕಚೇರಿ ಇವೆ. ಲಿಕ್ವಿಡ್ ಫಂಡ್ ಎಂದೂ ಇದೆ, ಅದು 91 ದಿನದೊಳಗೆ ತೀರುವ ಸಾಲಪತ್ರಗಳಲ್ಲಿ ದುಡ್ಡು ಇಡುತ್ತದೆ, ಏರಿಳಿತ ತೀರಾ ಕಡಿಮೆ, ಆದರೆ ಬ್ಯಾಂಕ್ ಠೇವಣಿಯ ಹಾಗೆ ವಿಮೆ ಇಲ್ಲ. ಷೇರಿಗೆ ಹೋಗುವುದು ಐದು, ಏಳು ವರ್ಷ ಮುಟ್ಟದೆ ಇರಬಹುದಾದ ದುಡ್ಡು ಮಾತ್ರ. 2008ರ ಲೆಕ್ಕ ಮತ್ತೊಮ್ಮೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಒಂದು ಮಾತು ಸೇರಿಸಲೇಬೇಕು. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಬ್ಯಾಂಕ್ ಅಲ್ಲದ ಸಹಕಾರಿ ಸಂಘ, ಪತ್ತಿನ ಸೊಸೈಟಿಗಳ ಠೇವಣಿಗೆ ಈ ವಿಮೆ ಇಲ್ಲ. ಸೊಸೈಟಿ ಕೆಟ್ಟದ್ದು ಅಂತಲ್ಲ. ‘ಷೇರು ರಿಸ್ಕು, ಸೊಸೈಟಿಯಲ್ಲಿ ಇಟ್ಟರೆ ನಿಶ್ಚಿಂತೆ’ ಎನ್ನುವಾಗ ಇದೂ ತಲೆಯಲ್ಲಿರಲಿ, ಅಷ್ಟೇ.

ಮಾರಿದರೆ ಏನೇನು ಕಳೆಯುತ್ತದೆ?

ಷೇರು ಫಂಡನ್ನು ಒಂದು ವರ್ಷದೊಳಗೆ ಮಾರಿದರೆ ಸಾಮಾನ್ಯವಾಗಿ ಶೇ 1ರಷ್ಟು ಎಕ್ಸಿಟ್ ಲೋಡ್ ಎಂಬ ಶುಲ್ಕ ಕಳೆಯುತ್ತಾರೆ, ಕೆಲವದರಲ್ಲಿ ಇರುವುದಿಲ್ಲ. ಲಾಭ ಬಂದಿದ್ದರೆ ತೆರಿಗೆ. 2024ರ ಜುಲೈ 23ರಿಂದ ಬಂದ ನಿಯಮದಂತೆ, ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ ಮೇಲೆ ಮಾರಿದರೆ, ಆ ಹಣಕಾಸು ವರ್ಷದಲ್ಲಿ ಬಂದ ಇಂಥ ಲಾಭದಲ್ಲಿ ಮೊದಲ 1.25 ಲಕ್ಷಕ್ಕೆ ಏನೂ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ನಷ್ಟವಾದರೆ ಅದನ್ನು ಮುಂದಿನ 8 ವರ್ಷದೊಳಗೆ ಬರುವ ಇಂಥ ಲಾಭದಿಂದ ಕಳೆದು ತೆರಿಗೆ ಲೆಕ್ಕ ಹಾಕಬಹುದು, ಆದರೆ ಸಮಯಕ್ಕೆ ಸರಿಯಾಗಿ ರಿಟರ್ನ್ ಸಲ್ಲಿಸಿರಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ರಿಟರ್ನ್ ಕಡೆ ತಲೆಯೇ ಹಾಕದವರು ನಮ್ಮಲ್ಲಿ ಜಾಸ್ತಿ. ಅವರು ಇದನ್ನು ಗಮನಿಸಿ.

ಕಳೆದದ್ದನ್ನು ಬೇಗ ಗಳಿಸಿಕೊಡುತ್ತೇವೆ ಎನ್ನುವವರು

ಪೇಟೆ ಬಿದ್ದಾಗಲೇ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳು ಏಳುತ್ತವೆ. ಸಲಹೆ ಕೊಡುವವರು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿರಬೇಕು, ನೋಂದಣಿ ಸಂಖ್ಯೆ ಕೇಳಿ, ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿ. ದುಡ್ಡನ್ನು ಯಾರದೋ ಹೆಸರಿನ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಮೋಸ ಆಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ‘ಎಫ್ ಅಂಡ್ ಓ’, ಅಂದರೆ ಫ್ಯೂಚರ್ಸ್ ಅಂಡ್ ಆಪ್ಷನ್ಸ್. ಷೇರನ್ನೇ ಕೊಳ್ಳದೆ, ಅದರ ಬೆಲೆ ಇಂಥ ದಿನದೊಳಗೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಮಾಡುವ ಒಪ್ಪಂದ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಕೊಟ್ಟ ಲೆಕ್ಕದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಇದನ್ನು ಆಡಿದ ನೂರು ಜನ ಸಾಮಾನ್ಯರಲ್ಲಿ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಇದರ ಬಗ್ಗೆ ಜಾಸ್ತಿ ಬರೆಯಲು ನನಗೇನೂ ಇಲ್ಲ.

ಭಾವನ ಲೆಕ್ಕ

ಕಟ್ಟೆಯ ಮೇಲೆ ಕೂತೇ ಕೇಳಿದೆ, ಈ 3 ಲಕ್ಷ ಯಾವಾಗ ಬೇಕು ಅಂತ. ‘ಎಲ್ಲ ಹಾಂಗೇ ಇಪ್ಪ ದುಡ್ಡು’ ಅಂದ. ಸುಮ್ನೆ ಕೆದಕಿದೆ. ಮಗಳಿಗೆ ಎಂಜಿನಿಯರಿಂಗ್ ಸೀಟು, ಇದೇ ವರ್ಷ ಫೀಸು ಕಟ್ಟಬೇಕು, ಒಂದು ಲಕ್ಷ ಇದರಿಂದಲೇ ತೆಗೆಯಬೇಕು. ಉಳಿದದ್ದಕ್ಕೆ ಅವಸರವಿಲ್ಲ.

ಆ ಒಂದು ಲಕ್ಷ ಷೇರು ಫಂಡಿಗೆ ಹೋಗಲೇಬಾರದಿತ್ತು. ಈಗ ಅಷ್ಟನ್ನು ತೆಗೆಯಬೇಕೆಂದರೆ ಅವನು 1 ಲಕ್ಷ 19 ಸಾವಿರಕ್ಕೆ ಕೊಂಡ ಯೂನಿಟ್ಟುಗಳನ್ನು ಮಾರಬೇಕು. ವರ್ಷ ತುಂಬಲು ಇನ್ನೂ ಮೂರು ವಾರ ಇದ್ದದ್ದರಿಂದ ಎಕ್ಸಿಟ್ ಲೋಡ್ ಸಾವಿರ ರೂಪಾಯಿ ಬೇರೆ. ಫೀಸಿಗೆ ಇನ್ನೂ ಸಮಯವಿದೆಯಲ್ಲ, ಮೂರು ವಾರ ಕಾಯೋಣವೇ ಎಂದು ಕೇಳಿದ. ಸಾವಿರ ಉಳಿಸಲು ಹೋಗಿ ಇನ್ನೂ ಹತ್ತು ಸಾವಿರ ಬಿದ್ದರೆ? ಅವನೇ ಸ್ವಲ್ಪ ಹೊತ್ತು ಯೋಚಿಸಿ, ಕನ್ನಡಕ ಹಾಕಿಕೊಂಡು, ಒಂದು ಲಕ್ಷಕ್ಕೆ ಮಾತ್ರ ಮಾರುವ ಗುಂಡಿ ಒತ್ತಿದ. ಎರಡು ಮೂರು ದಿನದಲ್ಲಿ ದುಡ್ಡು ಬ್ಯಾಂಕಿಗೆ ಬಂತು, ಅದನ್ನು ಎಫ್‌ಡಿ ಮಾಡಿದ. ಉಳಿದ ಯೂನಿಟ್ಟುಗಳಿಗೆ ನಾಮಿನಿ ಇರಲಿಲ್ಲ, ಅತ್ತಿಗೆಯ ಹೆಸರು ಸೇರಿಸಿದೆವು.

ಚಾಲಿ ಇನ್ನೂ ಸೊಸೈಟಿಯ ಗೋದಾಮಿನಲ್ಲೇ ಇದೆ.